ಪಕ್ಕದ ಮಾಳಿಗೆಯ ನೀರು

ಸಂತೆಯಿಂದ ತರಕಾರಿ ಚೀಲ ಹೊತ್ತುಕೊಂಡು ಬರುತ್ತಿದ್ದೆ. ನಮ್ಮ ಮನೆಯ ಮುಂಗೋಡೆಗೆ ನಿಚ್ಚಣಿಕೆ ಆನಿಸಿತ್ತು. ಅದರ ಮೇಲೆ ಪಕ್ಕದ ಮನೆಯ ಈರಪ್ಪ ನಿಂತು, ಮೊನ್ನೆ ಮೊನ್ನೆ ನಾನು ಬಳಿಸಿದ್ದ ತಿಳಿನೀಲಿ ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

ಚೀಲವನ್ನು ಕಟ್ಟೆಯ ಮೇಲೆ ಕುಕ್ಕಿದೆ.

"ಏನ್ ಮಾಡಾಕತ್ತೀರಿ? ಯಾರ ಗ್ವಾಡಿ ಅಂತ ತಿಳದೀರಿ ಅದು?"

ಅವನು ಗಾಬರಿಯಾಗಲಿಲ್ಲ. ನನ್ನ ಮೊದಲ ಸಂಶಯ ಹುಟ್ಟಿದ್ದೇ ಅಲ್ಲಿ. ಸಿಕ್ಕಿಬಿದ್ದವನು ಗಾಬರಿಯಾಗಬೇಕು, ಆಗದಿದ್ದರೆ ಅವನು ಪಳಗಿದ ಕಳ್ಳ.

"ನಿಮ್ದ ಗ್ವಾಡಿ ಟೀಚರ. ಬಣ್ಣ ಕೈಗಿ ಹತ್ತತೈತೋ ಇಲ್ಲೋ ನೋಡಾಕತ್ತಿದ್ದೆ."

"ಹತ್ತಿತೇನು?"

ನಿಧಾನವಾಗಿ ಕೆಳಗಿಳಿದು ಹೆಬ್ಬೆರಳು ತೋರಿಸಿದ. ನೀಲಿಯಾಗಿತ್ತು. "ಹತ್ತೈತಿ. ಲಗೂನ ಹೋಗೂ ಹಂಗ ಕಾಣಂಗಿಲ್ಲ," ಎಂದ. ಬೆರಳು ತೋರಿಸುವವನು ಬೆರಳನ್ನು ನೋಡಬೇಕು. ಇವನು ನನ್ನ ಮುಖ ನೋಡುತ್ತಿದ್ದ.

ಸಂಶಯ ನನ್ನ ಹುಟ್ಟುಗುಣ. ಹಾಲಿನವಳು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾಳೆ ಎಂದೂ, ನಗದಿದ್ದರೆ ಜಾಸ್ತಿಯೇ ಬೆರೆಸಿದ್ದಾಳೆ ಎಂದೂ ತಿಳಿಯುವವಳು ನಾನು. ಆದರೆ ಈರಪ್ಪನ ಮೇಲಿನ ಸಂಶಯಕ್ಕೆ ಆಧಾರವಿತ್ತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಮಣ್ಣು ಮುಚ್ಚಿದ ಸಪಾಟು ಮಾಳಿಗೆಯ ಮನೆಗಳು. ಅವರ ಮಾಳಿಗೆಯ ಮಳೆನೀರನ್ನು ಬೀದಿಗೆ ಚೆಲ್ಲುವ ತಗಡಿನ ದೋಣಿ ಮಾತ್ರ ನಮ್ಮ ಗೋಡೆಯ ಅಂಚಿಗೇ ಚಾಚಿಕೊಂಡಿತ್ತು. ಗಾಳಿ ಬೀಸಿತೆಂದರೆ ಆ ಕೆಸರುನೀರೆಲ್ಲ ನಮ್ಮ ಗೋಡೆಯ ಮೇಲೆ. ಬೇಸಿಗೆಯಲ್ಲಿ ಬಳಿದ ಸುಣ್ಣ ಮಳೆಗಾಲದ ಹೊತ್ತಿಗೆ ಹುಲಿಪಟ್ಟೆಯಾಗುತ್ತಿತ್ತು.

ನಮ್ಮಪ್ಪ ಬದುಕಿರುವ ತನಕ ಈರಪ್ಪನ ಅಪ್ಪ ಕಾಶಪ್ಪನ ಜೊತೆ ಇದಕ್ಕಾಗಿ ಜಗಳಾಡಿದ. "ನಮ್ಮಜ್ಜ ಇಟ್ಟ ದೋಣಿ, ನಾ ತಿರುಗಸಂಗಿಲ್ಲ," ಎಂಬುದು ಕಾಶಪ್ಪನ ಒಂದೇ ಉತ್ತರ. ಇಬ್ಬರೂ ತೀರಿಕೊಂಡರು. ದೋಣಿ ಉಳಿಯಿತು.

ಅಪ್ಪ ಹೋದಮೇಲೆ ನಮ್ಮ ಮನೆ ಬಣ್ಣ ಕಂಡಿರಲಿಲ್ಲ. ಎಪ್ಪತ್ತೆಂಟನೆಯ ಇಸವಿಯ ಆ ಬೇಸಿಗೆಯಲ್ಲಿ, ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಕೆಲಸ ಕಾಯಂ ಆದದ್ದೇ ತಡ, ಗೋಡೆಗೆ ನೀಲಿ ಬಳಿಸಿದೆ. ಅವ್ವ ಗುರುಲಿಂಗವ್ವ ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನು ನಿಲ್ಲಿಸಿ, "ನಮ್ಮ ದಾಕ್ಷಾಯಣಿ ಬಳಿಸ್ಯಾಳ," ಎಂದು ತೋರಿಸುತ್ತಿದ್ದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿದ್ದೆ. ಮುಂಗಾರಿನ ಮಿರಗದ ಮಳೆಯಿಂದ ಆ ಗೋಡೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಹಟ ತೊಟ್ಟಿದ್ದೆ.

ಅವರ ಮನೆಗೂ ಆಗಲೇ ಬಣ್ಣ ಬಂದಿತ್ತು. ಬೆಣ್ಣೆಯಂಥ ಹಳದಿ. ಕಾರಣವನ್ನು ಅವನ ಅವ್ವ ಸಂಗವ್ವ ಓಣಿಗೆಲ್ಲ ಕೇಳುವ ಹಾಗೆ ಸಾರಿದ್ದಳು: "ಕಾರಹುಣ್ಣಿವಿ ಮುಗದ ಸ್ವಾಮಾರ ಕೆರೂರಿನಾವ್ರು ಮನಿ ನೋಡಾಕ ಬರಾವ್ರದಾರ!" ನಮ್ಮ ಕಡೆ ಹೆಣ್ಣಿನವರು ಮೊದಲು ಗಂಡಿನ ಮನೆ ನೋಡುತ್ತಾರೆ. ಗೋಡೆ, ದನ, ಜೋಳದ ಚೀಲ ಎಲ್ಲ ನೋಡಿಯಾದ ಮೇಲೆ ಹುಡುಗನ ಮುಖ.

ಬರಲಿ, ನನಗೇನು, ಅಂದುಕೊಂಡೆ. ಅಂದುಕೊಳ್ಳುತ್ತ ಕೂತು ಒಲೆಯ ಮೇಲಿನ ಅನ್ನ ಹೊತ್ತಿಸಿದೆ.

ಸುಳ್ಳೇಕೆ ಹೇಳಲಿ? ಕಲ್ಲಿನ ಕ್ವಾರಿಯ ಕೆಲಸ ಮುಗಿಸಿ, ಅಂಗಿಗೆಲ್ಲ ಕೆಂಪು ದೂಳು ಮೆತ್ತಿಕೊಂಡು ಅವನು ಸೈಕಲ್ ತಳ್ಳಿಕೊಂಡು ಬರುವ ಹೊತ್ತಿಗೆ ಸರಿಯಾಗಿ ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸಲು ಕೂತಿರುತ್ತಿದ್ದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ. ಅವನು ನನಗೆ ಬೇಕಾಗಿದ್ದ. ಬೇಕಾದವನ ಮೇಲೆಯೇ ಸಂಶಯ ಜಾಸ್ತಿ.

ನಿಚ್ಚಣಿಕೆಯ ಪ್ರಸಂಗದ ನಂತರ ಅವನು ಸಂಜೆ ಸಂಜೆ ಮಾಳಿಗೆ ಹತ್ತತೊಡಗಿದ. ಮಳೆಗೆ ಮುಂಚೆ ಎಲ್ಲರೂ ಹತ್ತುತ್ತಾರೆ. ಮಣ್ಣು ಹಾಕಿ, ತುಳಿದು, ಬಿರುಕು ಮುಚ್ಚಿ ಇಳಿಯುತ್ತಾರೆ. ಇವನು ದೋಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ದಾರ ಹಿಡಿದು ಅಳೆಯುತ್ತಿದ್ದ. ಅಳೆಯುತ್ತ ನಮ್ಮ ಕಟ್ಟೆಯತ್ತ ನೋಡುತ್ತಿದ್ದ. ನಾನು ತಲೆ ಎತ್ತಿದರೆ ದಾರ ನೋಡುತ್ತಿದ್ದ.

"ಏನ್ ಅಳೀತೀರಿ?" ಕೆಳಗಿನಿಂದಲೇ ಕೇಳಿದೆ.

"ಇಳಿಜಾರು."

"ಯಾರ ಕಡಿಗಿ?"

"ಯಾವ ಕಡಿಗಿ ಇಡಬೇಕು, ನೀವ ಹೇಳ್ರಿ."

"ನಾ ಹೇಳಿದ್ರ ಕೇಳಾವ್ರೇನು ನೀವು?"

"ಹೇಳಿ ನೋಡ್ರಿ," ಎಂದು ನಕ್ಕ. ನಗುವಾಗ ಅವನ ಎಡಹುಬ್ಬು ಒಂದೇ ಮೇಲೇರುತ್ತಿತ್ತು. ಇನ್ನು ಆ ಹುಬ್ಬನ್ನು ಕೆರೂರಿನ ಹುಡುಗಿ ನೋಡುತ್ತಾಳೆ ಎಂದು ನೆನಪಾಯಿತು. ಒಳಗೆ ಹೋಗಿ ಬಾಗಿಲು ಧಡಾರನೆ ಹಾಕಿಕೊಂಡೆ.

ಕೆಲವು ದಿನ ಕಳೆದು ತಗಡು ಕೆಲಸದ ಮುರ್ತುಜಸಾಬ ಸೈಕಲ್ಲಿಗೆ ಹೊಸ ದೋಣಿ ಕಟ್ಟಿಕೊಂಡು ಬಂದ. ಹಳೆಯದಕ್ಕಿಂತ ಉದ್ದ, ತುದಿಯಲ್ಲಿ ಸೊಟ್ಟ. ಅಡ್ಡ ನಿಂತೆ.

"ಮುರ್ತುಜಸಾಬ, ಇಷ್ಟುದ್ದ ಯಾಕ? ಸೊಟ್ಟ ಯಾಕ?"

"ಹೇಳಬ್ಯಾಡ ಅಂದಾನವ್ವ ಈರಪ್ಪ. ಕಸಮ್ ಹಾಕಿಸ್ಯಾನ."

ಅಷ್ಟು ಸಾಕಾಯಿತು. ಒಳಗೆ ಓಡಿ, "ಅವ್ವಾ, ನಮ್ಮ ಗ್ವಾಡಿ ಮುಗೀತು. ಅಜ್ಜ ಇಟ್ಟಿದ್ದು ಸಾಲದಂತ ಮೊಮ್ಮಗ ಮತ್ತೂ ಉದ್ದಂದು ತಂದಾನ," ಎಂದೆ.

"ಹುಡುಗ ಚಲೋ ಅದಾನ ಬಿಡ," ಎಂದಳು ಅವ್ವ.

"ಚಲೋ ಇದ್ದಾವ್ರು ಕಸಮ್ ಹಾಕಸಂಗಿಲ್ಲ."

ಮನೆಯಲ್ಲಿದ್ದ ಗೋಣಿಚೀಲಗಳನ್ನೆಲ್ಲ ಬಿಚ್ಚಿ, ಒಂದಕ್ಕೊಂದು ಹೊಲಿದು, ಮೇಲಿನಿಂದ ಗೋಡೆಯುದ್ದಕ್ಕೂ ಇಳಿಬಿಟ್ಟೆ. ಓಣಿಯವರು ನಿಂತು ನಿಂತು ನೋಡಿದರು. ಈರಪ್ಪನೂ ಸೈಕಲ್ ನಿಲ್ಲಿಸಿದ.

"ಟೀಚರ, ಗ್ವಾಡಿಗಿ ನೆಗಡಿ ಬಂದೈತೇನು?"

"ಬರಬಾರ್ದಂತ ಹೊಚ್ಚೇನಿ. ನಿಮ್ಮ ಮ್ಯಾಲೆ ನನಗ ನಂಬಿಕಿಲ್ಲ."

ಅವನ ನಗು ಮಾಯವಾಯಿತು. "ನಂಬಿಕಿ ಬರಾಕ ಏನ್ ಮಾಡಬೇಕ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಮಳಿ ಬರ್ಲಿ, ನೋಡೂಣು," ಎಂದೆ. ಅಂದ ಮೇಲೆ ಕೆಟ್ಟೆನಿಸಿತು, ಆದರೆ ಮಾತು ವಾಪಸ್ಸು ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ಕೆರೂರಿನವರು ಬರುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಮಳೆ ಬಂತು. ಮೊದಲು ಗಾಳಿ. ನನ್ನ ಗೋಣಿಯ ಹೊದಿಕೆಯನ್ನು ಒಂದೇ ಏಟಿಗೆ ಕಿತ್ತು ಬೀದಿಗೆಸೆಯಿತು. ಕೊಡೆ ಹಿಡಿದು ಕಟ್ಟೆಯ ಮೇಲೆ ನಿಂತೆ, ಕಣ್ಣೆಲ್ಲ ಅವರ ದೋಣಿಯ ಮೇಲೆ. ಅಲ್ಲಿಂದ ಮೊದಲ ನೀರು ಧುಮುಕಿತು.

ನಮ್ಮ ಗೋಡೆಗೆ ಒಂದು ಹನಿಯೂ ಬೀಳಲಿಲ್ಲ. ಇಷ್ಟು ದಿನ ಗೋಣಿಯ ಮರೆಯಲ್ಲಿ ಕಾಣದಿದ್ದ ಸೊಟ್ಟ ತುದಿ ಅವರ ಮನೆಯತ್ತಲೇ ತಿರುಗಿತ್ತು. ಮಾಳಿಗೆಯ ಕೆಸರೆಲ್ಲ ಅವರ ಹಳದಿ ಗೋಡೆಯ ಮೇಲೆ ಇಳಿಯಿತು. ಬಣ್ಣ ಕರಗಿ ಗಟಾರದಲ್ಲಿ ಹಳದಿ ನೀರು ಹರಿಯತೊಡಗಿತು.

ತಗಡಿನವನು ತಪ್ಪು ಮಾಡಿದ್ದಾನೆ ಎಂದೇ ತಿಳಿದೆ. ಮಳೆಯಲ್ಲೇ ಅವರ ಬಾಗಿಲಿಗೆ ಓಡಿದೆ. ಈರಪ್ಪ ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದ.

"ಮಾಳಿಗಿ ಹತ್ತರಿ, ಲಗೂ! ನಿಮ್ಮ ಬಣ್ಣ ಹೊಂಟೈತಿ. ನಾಳಿಗಿ ಮನಿ ನೋಡಾಕ ಬರ್ತಾರ!"

"ಅದಕ್ಕ ಹಂಗಿಟ್ಟೇನಿ."

"ಯಾತಕ್ಕ?"

"ಗ್ವಾಡಿ ನೋಡಿ ಅವ್ರು ತಿರುಗಿ ಹೋಗ್ಲಿ ಅಂತ." ತಲೆ ತಗ್ಗಿಸಿದ. "ನಿಮ್ಮ ಗ್ವಾಡಿಯಾದ್ರೂ ಉಳೀಲಿ ಅಂತ. ಭಾಳ ದಿನದಿಂದ ನನ್ನ ಮನಸಿನಾಗ ನೀವ ಅದೀರಿ. ಹೇಳಾಕ ಬಾಯಿ ಬರಲಿಲ್ಲ."

ಕುಣಿಯುವಷ್ಟು ಸಂತೋಷವಾಯಿತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಗ್ವಾಡಿಗಿ ನೀರು ಬಿಟ್ರ ಲಗ್ನ ತಪ್ಪತಾವೇನ್ರಿ? ನಿಮ್ಮವ್ವಗ ಹೇಳಾಕ ಆಗದಾವ್ರು ನನ್ನ ಕೈ ಹ್ಯಾಂಗ ಹಿಡೀತೀರಿ?"

"ಹೇಳ್ತೇನಿ."

"ನೋಡೂಣು," ಎಂದು ನೆನೆದುಕೊಂಡೇ ವಾಪಸಾದೆ.

ಸೋಮವಾರ ತಲೆನೋವೆಂದು ಸುಳ್ಳು ಹೇಳಿ ಶಾಲೆಗೆ ರಜೆ ಹಾಕಿದೆ. ಈರಪ್ಪ ತನ್ನ ಅವ್ವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಸಂಗವ್ವ ಹಾಗೆ ಓಡಾಡಿ ಕಟ್ಟೆಗೆ ಜಮಖಾನೆ ಹಾಸುತ್ತಿರಲಿಲ್ಲ. ಕೆರೂರಿನಿಂದ ಹುಡುಗಿಯ ಸೋದರಮಾವ ಬಂದ, ಜೊತೆಗೆ ಇನ್ನಿಬ್ಬರು. ನಾನು ನಮ್ಮ ಬಾಗಿಲ ಸಂದಿಯಲ್ಲಿ ನಿಂತೆ.

ಸೋದರಮಾವ ಕೂತವನೇ ಹಾಳಾದ ಗೋಡೆ ನೋಡಿದ. ನಂತರ ದೋಣಿ ನೋಡಿದ, ನಮ್ಮ ನೀಲಿ ಗೋಡೆ ನೋಡಿದ.

"ಈ ದೋಣಿ ಯಾರು ತಿರುಗಿಸಿದ್ರಿ?"

ಸಂಗವ್ವ ನಾಚಿಕೆಯಿಂದ, "ಮೊದಲು ಅವರ ಗ್ವಾಡಿಗಿ ಬೀಳತಿತ್ರಿ. ನಮ್ಮ ಹುಡುಗ ಏನ್ ತಿಳಕೊಂಡನೋ, ಈ ಕಡೆ ಮಾಡ್ಯಾನ," ಎಂದಳು.

"ಮಂದಿ ಗ್ವಾಡಿ ಉಳಸಾಕ ತನ್ನ ಗ್ವಾಡಿ ಕೊಟ್ಟಾನ!" ಅವನು ತೊಡೆ ತಟ್ಟಿದ. "ಇಂಥಾ ಹುಡುಗನ್ನ ಎಲ್ಲಿ ಹುಡುಕೂದ್ರಿ? ಇನ್ನ ಒಳಗ ಏನೂ ನೋಡೂದು ಬ್ಯಾಡ. ಕೊಟ್ಟೇವಿ ನಮ್ಮ ಹುಡುಗೀನ!" ಎಂದು ಜೇಬಿನಿಂದ ಸಕ್ಕರೆಯ ಪೊಟ್ಟಣ ತೆಗೆದ.

ನಮ್ಮಲ್ಲಿ ಸಕ್ಕರೆ ಬಾಯಿಗೆ ಬಿದ್ದರೆ ಮಾತು ಕೊಟ್ಟಂತೆ. ಆಮೇಲೆ ಹಿಂದೆ ಸರಿದರೆ ಮನೆತನಕ್ಕೆ ಕಳಂಕ. ಈರಪ್ಪ ನೆಲ ನೋಡುತ್ತಿದ್ದ. ಸೋದರಮಾವನ ಕೈ ಅವನ ಬಾಯಿಯ ಹತ್ತಿರ ಬಂತು. ತಿಂದೇಬಿಡುತ್ತಾನೆ, ನನ್ನ ಸಂಶಯವೇ ಖರೆಯಾಗುತ್ತದೆ ಎಂದುಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ, ನನ್ನ ಸಂಶಯ ಸುಳ್ಳಾಗಲಿ ಎಂದು ಬೇಡಿಕೊಂಡೆ.

ಈರಪ್ಪ ಆ ಕೈಯನ್ನು ಮೆಲ್ಲಗೆ ಹಿಡಿದ.

"ಸಕ್ಕರಿ ಒಳಗಿಡ್ರಿ, ಯಜಮಾನ್ರ. ಒಳ್ಳೇತನಕ್ಕ ಮಾಡಿದ್ದಲ್ಲ ಇದು. ಹಾಳ ಗ್ವಾಡಿ ನೋಡಿ ನೀವು ಬ್ಯಾಡ ಅನ್ಲಿ ಅಂತ ಮಾಡಿದ್ದು. ಮೊದಲ ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾತು. ನಾ ಲಗ್ನ ಆದ್ರ ಈ ಬಾಜೂ ಮನಿ ದಾಕ್ಷಾಯಣೀನ."

ಸೋದರಮಾವ ಪೊಟ್ಟಣವನ್ನು ಜೇಬಿಗಿಳಿಸಿದ. "ಒಂದು ಕಾರ್ಡ ಬರದು ಹಾಕಿದ್ರ ಮುಗೀತಿತ್ತಲ್ಲೋ ತಮ್ಮಾ. ಬಸ್ಸಿನಾಗ ನಿಂತು ಬಂದೇನಿ," ಎಂದು ಗೊಣಗಿ, ಬಂದ ಚಹಾ ಮಾತ್ರ ಬಿಡದೆ ಕುಡಿದು, ತನ್ನವರನ್ನು ಕರೆದುಕೊಂಡು ಹೊರಟುಹೋದ.

ಅವರು ಓಣಿ ದಾಟಿದ್ದೇ ಸಂಗವ್ವನ ದನಿ ಏರಿತು. "ಗುರುಲಿಂಗವ್ವಾ! ನಿನ್ನ ಮಗಳ ಸಲುವಾಗಿ ನನ್ನ ಗ್ವಾಡಿ ಹೋತು!"

"ನನ್ನ ಗ್ವಾಡಿ ವರ್ಷಾ ವರ್ಷಾ ಹೋಗಿಲ್ಲೇನ? ನಿಂದು ಒಂದು ಸಲ ಹೋದ್ರ ಏನಾತು?" ಎಂದಳು ನಮ್ಮವ್ವ, ಕೂತಲ್ಲಿಂದ ಏಳದೆ.

ಸಂಗವ್ವ ಕಟ್ಟೆಗೆ ಬಂದಿದ್ದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಸರಕ್ಕನೆ ಒಳಗೆ ಹೋದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಒಳಗೆ ಡಬ್ಬಿಗಳು ಸದ್ದು ಮಾಡಿದವು.

ಆಮೇಲೆ ಈರಪ್ಪ ನಮ್ಮ ಕಟ್ಟೆ ಹತ್ತಿ ಬಂದ. ಮುಷ್ಟಿ ಬಿಗಿದಿತ್ತು.

"ಕೈ ಹಿಡೀ ದಾಕ್ಷಾಯಣಿ."

ಟೀಚರ ಅನ್ನಲಿಲ್ಲ. ಕಿವಿ ಬಿಸಿಯಾದವು.

"ಏನೈತಿ ಅದರಾಗ?"

"ಅವ್ವ ಕೊಟ್ಟು ಕಳಿಸ್ಯಾಳ."

ಅಂಗೈಗೆ ಬಿಳಿಯದೇನೋ ಸುರಿದ. ಸಂಗವ್ವನ ಸಿಟ್ಟು ನನಗೆ ಗೊತ್ತಿಲ್ಲವೇ? ಉಪ್ಪನ್ನೇ ಕಳಿಸಿರಬಹುದು. ಒಂದು ಹರಳನ್ನು ನಾಲಿಗೆಯ ತುದಿಗೆ ಹಚ್ಚಿ ನೋಡಿದೆ.

ಸಕ್ಕರೆಯೇ. ಉಳಿದದ್ದನ್ನು ಅವನ ಬಾಯಿಗೆ ಹಾಕಿದೆ.