ಇಲ್ಲದ ಬಸ್ಸು

"ಇನ್ನು ಆರಾಮಾಗಿರಿ ಸಾರ್, ಫೋನ್ ಮಾಡಿ ನಿಮಗೆ ತೊಂದ್ರೆ ಕೊಡೋಕೆ ಹೋಗಲ್ಲ" ಎಂದು ಡಿಪೋ ಮ್ಯಾನೇಜರ್ ಹೇಳಿದ ದಿನವೇ ಬ್ರಾಕೆಟ್ ತಾತನ ತಲೆಗೆ ಹುಳ ಹೊಕ್ಕಿತು. ಯಾವ ಬಸ್ಸು ಯಾವ ರೂಟಿಗೆ ಎಂದು ದಿನಾ ಬೆಳಿಗ್ಗೆ ಹಂಚುವ ಪ್ರೋಗ್ರಾಮನ್ನು ಇಪ್ಪತ್ತೇಳು ವರ್ಷಗಳ ಹಿಂದೆ ಲಿಸ್ಪ್ ಭಾಷೆಯಲ್ಲಿ ಬರೆದವನು ಅವನೇ. ಆ ಭಾಷೆಯ ತುಂಬ ಬ್ರಾಕೆಟ್ಟುಗಳು, ಅದಕ್ಕೇ ಆ ಅಡ್ಡಹೆಸರು. ನಿವೃತ್ತಿಗೆ ಮೂರು ವಾರ ಉಳಿದಿತ್ತು. ಅವನ ಜಾಗಕ್ಕೆ ಬಂದ ಇಂಜಿನಿಯರ್ ಹುಡುಗಿ ತನ್ನ ಪಾಡಿಗೆ ತಾನು ಓದಿಕೊಳ್ಳುತ್ತಿದ್ದಳೇ ಹೊರತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಯಲ್ಲಿ ಹೆಂಡತಿ ತೀರಿಹೋಗಿ ಆರು ವರ್ಷ. ತಿಂಗಳಿಗೊಮ್ಮೆ ತಂಗಿ ಫೋನ್ ಮಾಡಿ "ಅಣ್ಣಾ, ಮಾತ್ರೆ ತಗೊಂಡ್ಯಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಡಿಪೋವೂ ಕೈಬಿಟ್ಟರೆ ಇನ್ನು ಗೋಡೆಗಳ ಜೊತೆ ಮಾತು. ತಾತನಿಗೆ ನಿಜಕ್ಕೂ ಭಯವಾಯಿತು.

ಅವರು ನನ್ನನ್ನು ಕರೆಸಿಕೊಳ್ಳಲೇಬೇಕು, ಹಾಗೆ ಮಾಡುತ್ತೇನೆ ಎಂದುಕೊಂಡ.

ಅವನ ಪ್ರೋಗ್ರಾಮಿನಲ್ಲಿ 'ಸಿದ್ಧ-ಬಸ್ಸು' ಎಂಬ ಗ್ಲೋಬಲ್ ವೇರಿಯಬಲ್ ಒಂದಿತ್ತು. ಈ ಗ್ಲೋಬಲ್ ಎನ್ನುವುದು ಮನೆಯ ನಡುಮನೆಯಲ್ಲಿ ತೂಗುಹಾಕಿದ ಹಲಗೆಯ ಹಾಗೆ: ಯಾವ ಕೋಣೆಯವರು ಬೇಕಾದರೂ ಬಂದು ಓದಬಹುದು, ಅಳಿಸಿ ಬರೆಯಬಹುದು. ಅದರ ಮೇಲೆ ಅಂದು ಓಡಲು ತಯಾರಿರುವ ಬಸ್ಸುಗಳ ಸಂಖ್ಯೆ ಇರುತ್ತಿತ್ತು. ಅದಕ್ಕೆ ಗುಟ್ಟಾಗಿ ಒಂದು ಸೇರಿಸಿದರೆ ಸಾಕು. ಇಲ್ಲದ ಬಸ್ಸೊಂದನ್ನು ಪ್ರೋಗ್ರಾಮು ಯಾವುದೋ ರೂಟಿಗೆ ಹಂಚುತ್ತದೆ, ಡ್ರೈವರ್ ಬಂದು ಬಸ್ಸೆಲ್ಲಿ ಎಂದು ಬಾಯಿ ಬಾಯಿ ಬಿಡುತ್ತಾನೆ. ಯಾರಿಗೂ ಪೆಟ್ಟಿಲ್ಲ, ಒಂದಷ್ಟು ಜನ ನಿಲ್ದಾಣದಲ್ಲಿ ಕಾಯಬೇಕಷ್ಟೇ. ದಿನಕ್ಕೊಂದು ರೂಟು.

ಹುಡುಗಿ ಮೊದಲು ಏನು ಮಾಡುತ್ತಾಳೆಂಬುದು ತಾತನಿಗೆ ಗೊತ್ತು. ಒಂದು ಹೆಸರು ಕೊಟ್ಟರೆ ಅದನ್ನು ಎಲ್ಲೆಲ್ಲಿ ಬಳಸಿದೆಯೆಂದು ಪಟ್ಟಿ ಮಾಡುವ ಹುಡುಕು ಆಜ್ಞೆಯಿದೆ, ಅದನ್ನು ಓಡಿಸುತ್ತಾಳೆ. ಆದರೆ ಆ ಆಜ್ಞೆ ಇಡಿಯಾಗಿ ಬರೆದ ಹೆಸರನ್ನು ಮಾತ್ರ ಕಾಣುತ್ತದೆ. ತಾತ ಹೆಸರನ್ನು ಎರಡು ತುಂಡು ಮಾಡಿದ. ಪ್ರೋಗ್ರಾಮು ಓಡುವಾಗಷ್ಟೇ ತುಂಡುಗಳು ಕೂಡಿ ಹೆಸರಾಗಬೇಕು, ಹಲಗೆಯ ಸಂಖ್ಯೆ ಓದಿ ಒಂದು ಸೇರಿಸಬೇಕು. ಅದೂ ತಾನು ಹೋದ ಮೇಲಿನ ಮೊದಲ ಸೋಮವಾರದಿಂದ. ಇಪ್ಪತ್ತು ವರ್ಷದಿಂದ ಯಾರೂ ತೆರೆಯದ ಕಡತದ ನಡುವೆ ಇಷ್ಟನ್ನೂ ಮಾಡುವ ಒಂದು ಸಾಲನ್ನು ಕೂರಿಸಿದ.

ಕೊನೆಯ ಶುಕ್ರವಾರ ತಾನೇ ಹುಡುಕಿ ನೋಡಿದ. ನಲವತ್ತೊಂದು ಜಾಗ. ತನ್ನ ಸಾಲು ಪಟ್ಟಿಯಲ್ಲಿಲ್ಲ. ಹಾರ ಹಾಕಿಸಿಕೊಂಡು, ಕೈಮುಗಿದು, ಒಬ್ಬನೇ ನಗುತ್ತ ಮನೆಗೆ ನಡೆದ.

ಸೋಮವಾರ ಆರಕ್ಕೇ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು ಫೋನಿನ ಮುಂದೆ ಕೂತ. ಏಳಾಯಿತು, ಎಂಟಾಯಿತು. ಕಾಫಿ ಆರಿ ತಣ್ಣಗಾಯಿತು. ಮರೆತೇಬಿಟ್ಟರೇ ಎಂದುಕೊಳ್ಳುವ ಹೊತ್ತಿಗೆ, ಹನ್ನೊಂದಕ್ಕೆ, ಫೋನ್ ಬಡಿದುಕೊಂಡಿತು. ಎರಡು ಸಲ ಬಡಿಯಲು ಬಿಟ್ಟು ಎತ್ತಿದ.

"ಸಾರ್, ನಾನು. ಬೆಳಿಗ್ಗೆ ಪ್ರೋಗ್ರಾಂ ನಿಂತೋಯ್ತು." ಇಂಜಿನಿಯರ್ ಹುಡುಗಿಯ ದನಿ.

"ಗಾಬರಿ ಬೇಡಮ್ಮ. ಹತ್ತು ನಿಮಿಷದಲ್ಲಿ ಬಂದೆ" ಎಂದು ತಾತ ಆಗಲೇ ಚಪ್ಪಲಿಗೆ ಕಾಲು ತೂರಿಸಿದ್ದ.

"ಬೇಡ ಸಾರ್, ಸರಿಯಾಯ್ತು" ಎಂದಳು ಅವಳು, ಮೊದಲಿನಷ್ಟೇ ಮರ್ಯಾದೆಯಿಂದ. "ನಾನು ಶನಿವಾರ ಕೂತು 'ಸಿದ್ಧ-ಬಸ್ಸು' ಇದ್ದ ನಲವತ್ತೊಂದು ಜಾಗಾನೂ ಬೇರೆ ಥರ ಬರೆದೆ. ಗ್ಲೋಬಲ್ ಇದ್ರೆ ಯಾರು ಯಾವಾಗ ಬದಲಾಯಿಸ್ತಾರೋ ಗೊತ್ತಾಗಲ್ಲ ಅಂತ ಆ ಹೆಸರನ್ನೇ ಕಿತ್ತುಹಾಕಿದೆ. ಈಗ ಆ ಹೆಸರನ್ನ ಯಾವ ಸಾಲೂ ಕೇಳಬಾರದಿತ್ತು. ಇವತ್ತು ಒಂದು ಸಾಲು ಕೇಳ್ತು, ಮಷೀನು ಅಲ್ಲೇ ನಿಂತು ಆ ಸಾಲನ್ನೇ ತೋರಿಸ್ತು. ಇನ್ನೂ ಯಾರಿಗೂ ಹೇಳಿಲ್ಲ ಸಾರ್, ನಿಮ್ಮನ್ನೇ ಕೇಳೋಣ ಅಂತ ಫೋನ್ ಮಾಡಿದೆ. ಅದರಲ್ಲಿ ಇವತ್ತಿನ ತಾರೀಖು ಯಾಕಿದೆ?"