ತೊಟ್ಟಿಯ ನೀರು, ಮೋರಿಯ ನೊರೆ

“ಎಂಟ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನ ಕೈಗೆ ಬೀಗದ ಕೈ ಕೊಟ್ಟಿದ್ದೇ ನನ್ ತಪ್ಪು ಕಣ್ರಪ್ಪ. ಕುಡಿಯೋ ನೀರ್ನೇ ಕದ್ದವ್ನೆ ಈ ಬಡ್ಡಿಮಗ. ಸಂಜೆಗೆ ರೂಮು ಖಾಲಿ ಮಾಡ್ಲಿ.”

ವಠಾರದ ಒಡೆಯ ರಾಮಲಿಂಗಯ್ಯ ಇದನ್ನು ಹೇಳಿದ್ದು ಅಂಗಳದ ನಡುವೆ, ಎಲ್ಲ ಮನೆಯವರ ಮುಂದೆ, ಬೀದಿಗೆ ಕೇಳುವಂತೆ. ನನ್ನ ಮೈ ಉರಿಯಿತು. ಬೀದಿಯ ಪಂಪು, ಪೈಪು ರಿಪೇರಿ ಮಾಡುವವನು ನಾನು; ಸೂರಿಗೆ ಪೈಪು ಕೂಡಿಸಿ ವಠಾರದ ತೊಟ್ಟಿಗೆ ಮಳೆ ನೀರು ಇಳಿಸಿದವನೂ ನಾನೇ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಬೋರಿನ ನೀರು ಗಡಸು. ಅದು ಬಟ್ಟೆಗೆ, ಬಚ್ಚಲಿಗೆ, ಮಗ್ಗದ ಕೆಲಸಕ್ಕೆ. ಮಳೆ ನೀರು ಕುಡಿಯಲು, ಅಡುಗೆಗೆ ಮಾತ್ರ. ದಿನಕ್ಕೆ ಮನೆಗೆ ಎರಡು ಬಿಂದಿಗೆ, ಬೀಗ ತೆಗೆದು ಕೊಡುತ್ತಿದ್ದವನು ನಾನು. ಅಂಥ ತೊಟ್ಟಿಯಲ್ಲಿ ಮಂಗಳವಾರದಿಂದ ಗುರುವಾರದೊಳಗೆ, ಕೊಟ್ಟ ಬಿಂದಿಗೆಗಳ ಲೆಕ್ಕ ಮೀರಿ, ಎರಡು ಗೇಣು ನೀರು ಇಳಿದಿತ್ತು. ಬೀಗ ಹಾಗೇ ಇತ್ತು.

ಸೀದಾ ಶಿವರತ್ನಮ್ಮನ ಮನೆಗೆ ಹೋದೆ. ಅರವತ್ತು ದಾಟಿದ ಆಕೆ ಮಗ್ಗದ ಹಾಸಿನ, ಅಂದರೆ ಉದ್ದನೆಯ ನೂಲಿನ, ಎಳೆಗಳಿಗೆ ಗಂಟು ಹಾಕುವವರು. ಬೀದಿಯಲ್ಲಿ ಏನು ಕಳೆದರೂ ಪತ್ತೆ ಮಾಡುವವರೂ ಅವರೇ. ಅಂಥ ಮೂರು ಪತ್ತೆಗೆ ಅವರನ್ನು ನನ್ನ ಗಾಡಿಯಲ್ಲಿ ಕೂರಿಸಿಕೊಂಡು ಯಳಂದೂರು, ಕಾಮಗೆರೆ ಸುತ್ತಿದ್ದೆ. ಈ ಸಲ ಕಳ್ಳ ಅನ್ನಿಸಿಕೊಂಡವನು ನಾನೇ.

“ತೊಟ್ಟಿ ಸೋರ್ತಾ ಅದಾ ಮಧು?”

“ಇಲ್ಲ ಕಣಮ್ಮ. ನಿನ್ನೆ ರಾತ್ರಿ ಕಡ್ಡೀಲಿ ಗುರುತಾಕಿದ್ದೆ. ಬೆಳಿಗ್ಗೆ ನೋಡುದ್ರೆ ಒಂದು ಬೆರಳೂ ಇಳಿದಿಲ್ಲ.”

“ಸೋರೋ ತೊಟ್ಟಿ ರಜಾ ಆಕಲ್ಲ. ನಡಿ.”

ಆಕೆ ಮೊದಲು ಹೋದದ್ದು ಹಿತ್ತಿಲ ಓಣಿಗೆ. ತುಂಬಿ ಹೆಚ್ಚಾದ ನೀರು ಹೊರಬರಲು ಅಲ್ಲಿ ಗೋಡೆಯಲ್ಲಿ ಒಂದು ದಪ್ಪ ಪೈಪಿದೆ. ಸೊಳ್ಳೆ, ಹಲ್ಲಿ ನುಗ್ಗದಿರಲೆಂದು ಅದರ ಬಾಯಿಗೆ ನಾನು ಬಲೆ ಬಿಗಿದಿದ್ದೆ, ತಂತಿ ಸುತ್ತಿ, ಇಕ್ಕಳದಲ್ಲಿ ತಿರುಚಿ. ಈಗ ತಂತಿಯಿರಲಿಲ್ಲ. ದಾರವಿತ್ತು. ಗಂಟು ಸಾಸಿವೆಯಷ್ಟು, ತುದಿಗಳನ್ನು ಯಾರೋ ಬುಡಕ್ಕೇ ಕತ್ತರಿಸಿದ್ದರು. ಆಕೆ ಅದನ್ನು ಉಗುರಲ್ಲಿ ಸವರಿ ಮುಂದೆ ನಡೆದರು.

ವಠಾರದ ಚೌಡೇಶ್ವರಿ ತನ್ನ ಬಾಗಿಲ ಮುಂದೆ ಬೋರಿನ ನೀರಲ್ಲಿ ಬಟ್ಟೆ ಒಗೆಯುತ್ತಿದ್ದಳು. “ಎಷ್ಟುಜ್ಜಿದ್ರೂ ನೊರೇನೇ ಬರಲ್ಲ ಕಣತ್ತೆ. ನೀರಾ ಇದು?” ಎಂದಳು. ಅವಳ ಮೋರಿಯಲ್ಲಿ ಒಡೆದ ಹಾಲಿನಂಥ ಬಿಳಿ ಗಸಿ ನಿಂತಿತ್ತು.

ಪಕ್ಕದ ಮನೆಯ ಶಿವಪ್ರಕಾಶಣ್ಣ ರೇಷ್ಮೆಯನ್ನು ಸೋಪಿನ ನೀರಲ್ಲಿ ಬೇಯಿಸಿ ಅಂಟು ತೆಗೆಯುವವನು. ಹಗ್ಗದ ಮೇಲೆ ರೇಷ್ಮೆ ಲಡಿಗಳು ಹೊಳೆಯುತ್ತಿದ್ದವು. ಮೂಲೆಯಲ್ಲಿ ಗೋಣಿ ಹೊದಿಸಿದ ಡ್ರಮ್ಮು. ಮೋರಿಯ ತುಂಬ ನೊರೆ, ಗುಳ್ಳೆ ಇನ್ನೂ ಒಡೆದಿರಲಿಲ್ಲ. ಶಿವರತ್ನಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ನನ್ನ ಕಣ್ಣು ಬಾಗಿಲ ಬಳಿಯ ಕೂಲರಿನ ಮೇಲೆ ಬಿತ್ತು. ಅದರೊಳಗೆ ನೀರೆತ್ತುವ ಪುಟ್ಟ ಪಂಪು ಇರಲಿಲ್ಲ.

“ಕೂಲರ್ ಕೆಟ್ಟೋಯ್ತಾಣ್ಣ?”

“ನಿಂಗ್ಯಾಕ್ಲಾ? ಓಗಿ ಗಂಟುಮೂಟೆ ಕಟ್ಟು.”

ನಾಲ್ಕು ಗಂಟೆಗೆ ಶಿವರತ್ನಮ್ಮ ಎಲ್ಲರನ್ನೂ ಅಂಗಳಕ್ಕೆ ಕರೆದರು. ಮುಂದೆ ಮೂರು ಲೋಟ, ಒಂದು ಸೋಪಿನ ತುಂಡು.

“ಬೀಗ ಮುಟ್ದೆ ನೀರು ಎತ್ತಬೇಕಂದ್ರೆ ದಾರಿ ಒಂದೇ, ಹಿತ್ಲ ಪೈಪು,” ಎಂದರು. “ಮಧು ತಂತಿ ತಿರುಚೋನು. ಅಲ್ಲಿರೋದು ಮಗ್ಗದೋರ ಗಂಟು. ಕದಿಯೋವಾಗ್ಲೂ ತುದಿ ಕತ್ತರಿಸ್ದೆ ಇರಕಾಗಲ್ಲ ನಮ್ಮೋರ್ಗೆ. ಹಾಸಲ್ಲಿ ತುದಿ ಉಳಿದ್ರೆ ಎಳೆ ಸಿಕ್ಕಾಕತ್ತದಲ್ಲ, ಕೈಗೆ ಅದೇ ರೂಢಿ.”

“ನಾವೆಲ್ಲಾ ಮಗ್ಗದೋರೇ ಅಲ್ವ?” ಎಂದರು ರಾಮಲಿಂಗಯ್ಯ.

“ಅದ್ಕೇ ಲೋಟ.” ಮೊದಲನೆಯದರಲ್ಲಿ ಬೋರಿನ ನೀರು, ಸೋಪು ಕಲಕಿದರೆ ಗಸಿ ಬಂತು. ಎರಡನೆಯದರಲ್ಲಿ ತೊಟ್ಟಿಯ ನೀರು, ನೊರೆ ಉಕ್ಕಿತು. ಮೂರನೆಯದು ಎಲ್ಲರೆದುರೇ ಶಿವಪ್ರಕಾಶಣ್ಣನ ಡ್ರಮ್ಮಿಂದ ಮೊಗೆದು ತಂದದ್ದು. ಅದೂ ಉಕ್ಕಿತು.

“ಕೂಲರ್ ಪಂಪು ಆ ಪೈಪಲ್ಲಿ ಸಲೀಸಾಗಿ ಇಳಿಯತ್ತದೆ,” ಎಂದೆ ನಾನು. “ಕೆಟ್ಟಿದ್ರೆ ರಿಪೇರಿಗೆ ನನ್ ಹತ್ರ ತಾನೆ ತರ್ತಿದ್ದೆ ಶಿವಪ್ರಕಾಶಣ್ಣ?”

ಶಿವಪ್ರಕಾಶಣ್ಣ ನೆಲ ನೋಡಿದ. “ಬೋರ್ ನೀರಲ್ಲಿ ಬೇಯ್ಸಿದ್ದು ಕಲೆ ಕಲೆಯಾಗಿ ಎರಡ್ ಸಲ ವಾಪಸ್ ಬಂತು. ಇನ್ನೊಂದ್ಸಲ ಬಂದಿದ್ರೆ ಸಾವ್ಕಾರ್ರು ಕೆಲಸಾನೇ ಕೊಡ್ತಿರ್ಲಿಲ್ಲ.”

“ಕೇಳಿದ್ರೆ ನಮ್ ಪಾಲಲ್ಲೇ ಒಂದ್ ಬಿಂದಿಗೆ ಬುಡ್ತಿದ್ವಲ್ಲ,” ಎಂದಳು ಚೌಡೇಶ್ವರಿ. “ಆ ಹುಡ್ಗನ್ನ ಬೈಯೋವಾಗ ಕಲ್ಲಂಗೆ ನಿಂತಿದ್ಯಲ್ಲಣ್ಣ.”

ಒಬ್ಬೊಬ್ಬರಾಗಿ ಒಳಗೆ ಹೋದರು. ಕಡೆಯವರೂ ಹೋದ ಮೇಲೆ ರಾಮಲಿಂಗಯ್ಯ ನನ್ನ ಹತ್ತಿರ ಬಂದರು. ಹೆಗಲ ಮೇಲೆ ಕೈಯಿಟ್ಟು, ಈಗ ನನ್ನ ಕಿವಿಗಷ್ಟೇ ಬೀಳುವಂತೆ, “ಏನೋ ಕೋಪದಲ್ಲಿ ಬಾಯಿಗೆ ಬಂದಂಗೆ ಅಂದ್ಬುಟ್ಟೆ ಕಣಪ್ಪ. ಮನಸಲ್ಲಿ ಇಟ್ಕಬೇಡ. ನಾಳೆ ಬೆಳಿಗ್ಗೆ ನೀರು ಕೊಡಾಕೆ ನೀನೇ ಬತ್ತೀಯ ತಾನೆ?” ಎಂದರು.

ನಾನು ಅವರ ಕೈಯನ್ನು ಹೆಗಲಿಂದ ಇಳಿಸಿ, ಅಂಗಳ ದಾಟಿ, ಬೀದಿಗೆ ಹೊರಟುಬಿಟ್ಟೆ.