ಕುಬಸದ ಬುತ್ತಿ

"ನಮ್ಮ ರೊಟ್ಟಿ ಎಲ್ಲಿ ಅದಾವ್ರಿ?"

ಗದಗಿನ ಆಸ್ಪತ್ರೆಯ ಪಡಸಾಲೆಯಲ್ಲಿ ರೊಟ್ಟಿ ಹಂಚುತ್ತಿದ್ದ ಸಿದ್ದಲಿಂಗೇಶ ಬೆಚ್ಚಿದ. ಎದುರಿಗೆ ಕಾಂಚನಾ… ಮುಂದಿನ ತಿಂಗಳು ಅವನ ಹೆಂಡತಿಯಾಗಬೇಕಾದವಳು!

ಪ್ರತಿ ರವಿವಾರ ಅವನ ಗೆಳೆಯರ ಗುಂಪು ಬೆಟಗೇರಿಯ ಮನೆಗಳಿಂದ ರೊಟ್ಟಿ ಕೂಡಿಸಿ ರೋಗಿಗಳ ಕಡೆಯವರಿಗೆ ಕೊಡುತ್ತಿತ್ತು. ಕೊಡುವವರು ಗಂಟು ಕಟ್ಟಿ ಕಟ್ಟೆಯ ಮೇಲಿಟ್ಟರೆ ಸಾಕು, ಇವರು ಬಾಗಿಲು ಬಡಿಯದೆ ಒಯ್ಯುತ್ತಿದ್ದರು.

ಇಂದು ಕಾಂಚನಾಳ ಮನೆಯ ಕಟ್ಟೆಯ ಮೇಲಿದ್ದದ್ದು ಬೇರೆ ಗಂಟು. ಮುಳಗುಂದದಲ್ಲಿ ಅವಳ ಬಸುರಿ ಅಕ್ಕನ ಕುಬಸ, ಸೀಮಂತದ ಊಟ. ತವರಿನ ಬುತ್ತಿಗೆಂದು ಅವ್ವ ಚಂದ್ರವ್ವ ಎರಡು ದಿನ ಕೂತು ಬಡಿದ ನೂರು ಎಳ್ಳು ರೊಟ್ಟಿ. ತಾಯಿ-ಮಗಳನ್ನು ಕಾರಿನಲ್ಲಿ ಕರೆದೊಯ್ಯಬೇಕಾಗಿದ್ದವನೂ ಇವನೇ. ಬುತ್ತಿ ಒಯ್ದ, ಮಂದಿಯನ್ನು ಮರೆತ!

"ಹಂಚಾಕ ಇಟ್ಟಾರಂತ ತಿಳದೆ…"

"ಇವತ್ತ ಕುಬಸ ಐತಿ ಅಂತ ನೆನಪಿತ್ತೋ, ಇಲ್ಲೋ?"

ಅವನ ಕೈ ಥಟ್ಟನೆ ಕಿಸೆಯಲ್ಲಿದ್ದ ಕಾರಿನ ಕೀಲಿಗೆ ಹೋಯಿತು.

'ಎಂಥಾ ದಾನಶೂರ! ಹಾರ ಹಾಕಿಸಿಕೊಳ್ಳಲು ಸಮಯವಿದೆ, ಮನೆಯವರ ಜೊತೆ ಒಂದು ಊಟಕ್ಕಿಲ್ಲ…' ಅವಳೊಳಗೆ ಅಸಹ್ಯ ಉಕ್ಕಿತು. ನಿಶ್ಚಯದ ದಿನವೂ ಅವನು ಮೂರು ತಾಸು ತಡವಾಗಿ ಬಂದು, ರಕ್ತದಾನದ ಕಥೆ ಹೇಳಿ ನಕ್ಕಿದ್ದ.

ಮೂಲೆಯಲ್ಲಿ ಅಮೀನಬಿ ಎಂಬ ಮುದುಕಿ ಕೊನೆಯ ಎಳ್ಳು ರೊಟ್ಟಿ ಮುರಿಯುತ್ತ, ಬಡಿದ ಕೈಯನ್ನು ಹೊಗಳುತ್ತಿದ್ದಳು. ಕಾಂಚನಾ ಬಾಗಿ ಆಕೆಗೆ ಇನ್ನಷ್ಟು ಚಟ್ನಿಪುಡಿ ಹಾಕಿದಳು. ಅವನ ಮೇಲೆ ಮಾತ್ರ ಮನಸ್ಸು ಕರಗಲಿಲ್ಲ.

"ಹಸದವರ ಮ್ಯಾಲೆ ನನಗ ಸಿಟ್ಟಿಲ್ಲ. ಹೆಣ್ಮಕ್ಕಳು ಬಡದ ರೊಟ್ಟಿ ಹಂಚಿ ದೊಡ್ಡಾಂವ ಆಗೂದು ಭಾಳ ಸಸಾರ ಐತ್ರಿ. ಈ ಲಗ್ನ ಬ್ಯಾಡ."

ಅವನು ಉಳಿದ ಬುಟ್ಟಿಗಳನ್ನು ಗೆಳೆಯ ದುರ್ಗೇಶನ ಕೈಗಿತ್ತು, ಇನ್ನು ಮೇಲೆ ರವಿವಾರದ ಅರ್ಧ ದಿನ ಮನೆಯವರಿಗೇ ಎಂದು ಹೇಳಿ ಕಾರು ತೆಗೆದ. ಕುಬಸ ತಪ್ಪಬಾರದೆಂದು ಕಾಂಚನಾ ಹತ್ತಿದಳು; ದಾರಿಯಲ್ಲಿ ಚಂದ್ರವ್ವನನ್ನೂ ಕೂರಿಸಿಕೊಂಡರು.

ಮುಳಗುಂದದಲ್ಲಿ ಅಕ್ಕನ ಅತ್ತೆ ರೇಣುಕವ್ವ, ತವರಿನವರು ಬರಿಗೈಲಿ ಬಂದರೇ ಎಂದು ಎಲ್ಲರ ಮುಂದೆ ಕೇಳಿದಳು. ಚಂದ್ರವ್ವನ ಮುಖ ಸಣ್ಣದಾಯಿತು.

"ಬುತ್ತಿ ಕಟ್ಟಿದ್ರು ಎವ್ವಾ. ಕೇಳದ ಒಯ್ದಾಂವ ನಾನು," ಎಂದ ಸಿದ್ದಲಿಂಗೇಶ.

ಹೆಂಗಸರು ಕಿಸಕ್ಕನೆ ನಕ್ಕರು. ಹಾಗಾದರೆ ನೀನೇ ಬಡಿಯೆಂದು ಅವನನ್ನು ಒಲೆಯ ಮುಂದೆ ಕೂರಿಸಿದರು. ಹತ್ತರಲ್ಲಿ ಒಂಬತ್ತು ಹರಿದವು. ಕೈ ಸುಟ್ಟರೂ ಅವನು ಏಳಲಿಲ್ಲ.

ಕಾಂಚನಾ ಬಂದು ಪಕ್ಕದಲ್ಲಿ ಕುಳಿತಳು.

"ನಿನ್ನ ಬಿಟ್ರ ನನಗ ಆಗೂದಿಲ್ಲ, ಕಾಂಚನಾ…" ಅವನು ಸುಟ್ಟ ಬೆರಳಿನಿಂದಲೇ ಮುಂದಿನ ರೊಟ್ಟಿ ಬಡಿದ.

ಅವಳು ಹರಿದ ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟುಕೊಂಡಳು.

"ಹಸಿ ಐತ್ರಿ."

"ಮತ್ತ?"

"ಲಗ್ನ ಆದ ಮ್ಯಾಲೆ ಕಲಿಸ್ತೀನಿ."